ಯಯಾತಿಯ ನೌಕೆ

ಹಿರಿಯರು ಕಿರಿಯರಿಗೆ ಮನೆ ಒಪ್ಪಿಸುವುದರಲ್ಲಿ ಎರಡು ಬಗೆಯುಂಟು. ಬೀಗದಕೈ ಕೊಟ್ಟು ಹೊರಟುಬಿಡುವುದು ಒಂದು. ಬೀಗದಕೈ ಕೊಟ್ಟಂತೆ ಮಾಡಿ, ಜಗಲಿಯಲ್ಲೇ ಕುಳಿತು, ಒಳಗೆ ಪಾತ್ರೆ ಸದ್ದಾದಾಗಲೆಲ್ಲ ಎದ್ದು ಬರುವುದು ಇನ್ನೊಂದು. ಅಮೆರಿಕದ ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಸರಣಿ ಅರ್ಧ ಶತಮಾನಕ್ಕೂ ಮಿಕ್ಕಿದ ತನ್ನ ಬಾಳಿನಲ್ಲಿ ಈ ಎರಡನ್ನೂ ಮಾಡಿ ತೋರಿಸಿದೆ. ಒಂದು ತಂಡದಿಂದ ಇನ್ನೊಂದು ತಂಡಕ್ಕೆ ನೌಕೆ ಕೈಬದಲಾಯಿಸಿದ ಪ್ರಸಂಗಗಳನ್ನು ಅದರ ಅಭಿಮಾನಿಗಳು ಪಟ್ಟಾಭಿಷೇಕಗಳೆಂದು ಕೊಂಡಾಡುತ್ತಾರೆ. ನನ್ನ ವಾದ ಬೇರೆ. ಹೀಗೆ ಕೊಂಡಾಡಿಸಿಕೊಂಡ ಹಸ್ತಾಂತರಗಳಲ್ಲಿ ಬಹುಪಾಲು ಹುಸಿ. ನಿಜವಾದ ಹಸ್ತಾಂತರ ಯಾವ ಸಮಾರಂಭವೂ ಇಲ್ಲದೆ ನಡೆದುಹೋಯಿತು. ಸಮಾರಂಭ ನಡೆದಲ್ಲೆಲ್ಲ ಹಿರಿಯರು ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು.

ಈ ಸರಣಿಯ ಪರಿಚಯವಿಲ್ಲದವರಿಗೆ ಎರಡು ಮಾತು. ಜೀನ್ ರಾಡನ್‌ಬೆರಿ ಸೃಷ್ಟಿಸಿದ ‘ಸ್ಟಾರ್ ಟ್ರೆಕ್’ 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾಗಿ, 79 ಕಂತುಗಳನ್ನು ಕಂಡು, 1969ರಲ್ಲಿ ನಿಂತುಹೋಯಿತು. ಮುಂದಿನ ಶತಮಾನಗಳ ಮನುಷ್ಯರು ಬಡತನವನ್ನೂ ಯುದ್ಧವನ್ನೂ ಹಿಂದೆ ಬಿಟ್ಟು ‘ಎಂಟರ್‌ಪ್ರೈಸ್’ ಎಂಬ ನೌಕೆಯಲ್ಲಿ ನಕ್ಷತ್ರಗಳ ನಡುವೆ ಸಂಚರಿಸುವ ಕಥೆ ಅದು. ಕ್ಯಾಪ್ಟನ್ ಕರ್ಕ್ ಆಗಿ ವಿಲಿಯಂ ಶಾಟ್ನರ್, ಭಾವನೆಗಳನ್ನು ಹತ್ತಿಕ್ಕಿ ತರ್ಕವನ್ನೇ ನೆಚ್ಚಿದ ಸ್ಪಾಕ್ ಆಗಿ ಲೆನರ್ಡ್ ನಿಮೋಯ್, ವೈದ್ಯ ಮೆಕಾಯ್ ಆಗಿ ಡಿಫಾರೆಸ್ಟ್ ಕೆಲಿ. 1979ರಿಂದ 1991ರವರೆಗೆ ಇದೇ ತಂಡ ಆರು ಚಲನಚಿತ್ರಗಳಲ್ಲಿ ಕಾಣಿಸಿಕೊಂಡಿತು. ನಮ್ಮಲ್ಲಿ ಎಂಬತ್ತರ ದಶಕದ ದೂರದರ್ಶನ ಈ ಹಳೆಯ ಸರಣಿಯನ್ನು ಪ್ರಸಾರ ಮಾಡಿದ್ದರಿಂದ, ಮುಂಬಯಿ, ದೆಹಲಿ, ಹೈದರಾಬಾದುಗಳ ಕನ್ನಡ ಮನೆಗಳಿಗೂ ಸ್ಪಾಕ್‌ನ ಚೂಪು ಕಿವಿ ಅಪರಿಚಿತವೇನಲ್ಲ.

ಹಸ್ತಾಂತರದ ಕಥೆ ಸಾಮಾನ್ಯವಾಗಿ 1994ರಿಂದ ಆರಂಭವಾಗುತ್ತದೆ. ಅದನ್ನು 1979ರಿಂದಲೇ ಓದಬೇಕು. ‘ಸ್ಟಾರ್ ಟ್ರೆಕ್: ದ ಮೋಷನ್ ಪಿಕ್ಚರ್’ ಎಂಬ ಆ ಮೊದಲ ಚಿತ್ರ ತೊಡಗುವಾಗ ಎಂಟರ್‌ಪ್ರೈಸ್‌ಗೆ ಬೇರೊಬ್ಬ ಕ್ಯಾಪ್ಟನ್ ಇದ್ದಾನೆ. ಹೆಸರು ಡೆಕರ್, ತರುಣ. ನೌಕೆಯ ಮರುನಿರ್ಮಾಣದ ಹೊಣೆ ಹೊತ್ತು ಅದರ ಮೂಲೆಮೂಲೆಯನ್ನು ಬಲ್ಲವನು. ಈಗ ದೊಡ್ಡ ಹುದ್ದೆಗೇರಿ ಮೇಜಿನ ಹಿಂದೆ ಕುಳಿತಿರುವ ಕರ್ಕ್ ಒಂದು ವಿಪತ್ತಿನ ನೆಪದಲ್ಲಿ ಬಂದು ಡೆಕರ್‌ನ ಅಧಿಕಾರವನ್ನು ತಾನು ತೆಗೆದುಕೊಳ್ಳುತ್ತಾನೆ. ಇನ್ನೊಬ್ಬ ಹೊಸಬಳು ಇಲಿಯಾ. ಆ ಪಾತ್ರ ಮಾಡಿದವರು ಮುಂಬಯಿಯ ಪರ್ಸಿಸ್ ಖಂಬಾಟಾ, 1965ರ ಮಿಸ್ ಇಂಡಿಯಾ. ಪಾತ್ರಕ್ಕಾಗಿ ಅವರು ತಲೆ ಬೋಳಿಸಿಕೊಂಡದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಚಿತ್ರ ಮುಗಿಯುವ ವೇಳೆಗೆ ಡೆಕರ್, ಇಲಿಯಾ ಇಬ್ಬರೂ ಅಲೌಕಿಕ ಬೆಳಕೊಂದರಲ್ಲಿ ಕರಗಿಹೋಗುತ್ತಾರೆ. ನೌಕೆ ಕರ್ಕ್‌ನ ಕೈಯಲ್ಲಿ ಉಳಿಯುತ್ತದೆ. ಹೊಸಬರಿಬ್ಬರನ್ನು ತಂದು, ಅವರಿಂದ ನೌಕೆಯನ್ನು ಬಿಡಿಸಿಕೊಂಡು, ಅವರನ್ನೇ ಹೋಮಕ್ಕಿಟ್ಟು, ಹಳಬರನ್ನು ಮರಳಿ ಪ್ರತಿಷ್ಠಾಪಿಸಿದ ಚಿತ್ರ ಅದು.

ಇದು ಆಕಸ್ಮಿಕವಾಗಿದ್ದರೆ ಇಲ್ಲಿಗೇ ಬಿಡಬಹುದಿತ್ತು. ಮುಂದಿನ ಚಿತ್ರಗಳನ್ನು ನೋಡಿ. ಎರಡನೆಯದಾದ ‘ದ ರಾಥ್ ಆಫ್ ಖಾನ್’ 1982ರದು. ಅದರಲ್ಲಿ ಸಾವಿಕ್ ಎಂಬ ಚುರುಕು ತರುಣಿ ನೌಕೆ ನಡೆಸುವುದನ್ನು ಕಲಿಯುತ್ತಿದ್ದಾಳೆ. ಡೇವಿಡ್ ಎಂಬ ವಿಜ್ಞಾನಿ ತಾನು ಕರ್ಕ್‌ನ ಮಗನೆಂದು ತಿಳಿದು ತಂದೆಯನ್ನು ಒಪ್ಪಿಕೊಳ್ಳುತ್ತಾನೆ. ಇನ್ನು ಕಥೆ ಇವರದು ಎಂದುಕೊಳ್ಳುವಷ್ಟರಲ್ಲಿ 1984ರ ಮೂರನೆಯ ಚಿತ್ರದಲ್ಲಿ ಡೇವಿಡ್ ಕೊಲೆಯಾಗುತ್ತಾನೆ, ಎರಡನೆಯದರಲ್ಲಿ ಸತ್ತಿದ್ದ ಸ್ಪಾಕ್ ಮರಳಿ ಹುಟ್ಟಿ ಬರುತ್ತಾನೆ. ನಾಲ್ಕನೆಯದರಲ್ಲಿ ಸಾವಿಕ್‌ಳನ್ನು ಒಂದು ಗ್ರಹದ ಮೇಲೆ ಇಳಿಸಿ ಹಳಬರು ಮುಂದೆ ಸಾಗುತ್ತಾರೆ, ಆಮೇಲಿನ ಚಿತ್ರಗಳಲ್ಲಿ ಅವಳ ಸುಳಿವಿಲ್ಲ. ಮಗ ಸಾಯುತ್ತಾನೆ, ಗೆಳೆಯ ಬದುಕುತ್ತಾನೆ, ಶಿಷ್ಯೆ ಮರೆತುಹೋಗುತ್ತಾಳೆ.

ನಮ್ಮ ಪುರಾಣಕ್ಕೆ ಈ ವ್ಯಾಪಾರ ಚೆನ್ನಾಗಿ ಗೊತ್ತು. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದುಕನಾದ ಯಯಾತಿ ಮಗನಾದ ಪೂರುವಿನ ಯೌವನವನ್ನು ಬೇಡಿ ಪಡೆದ. ವಿ. ಸ. ಖಾಂಡೇಕರರ ಮರಾಠಿ ಕಾದಂಬರಿ ಈ ಕಥೆಯನ್ನು 1959ರಲ್ಲಿ ಎತ್ತಿಕೊಂಡಿತು, ಎರಡು ವರ್ಷದ ನಂತರ ಗಿರೀಶ ಕಾರ್ನಾಡರು ತಮ್ಮ ಮೊದಲ ನಾಟಕಕ್ಕೆ ಅದನ್ನೇ ವಸ್ತುವಾಗಿಸಿಕೊಂಡರು. ಕಾರ್ನಾಡರ ಹೆಚ್ಚುಗಾರಿಕೆ ಏನೆಂದರೆ, ಪೂರುವಿನ ತ್ಯಾಗವನ್ನು ಹಾಡಿಹೊಗಳುವುದಕ್ಕೆ ಅವರು ಒಪ್ಪಲಿಲ್ಲ. ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ಮುದಿಗಂಡನ ಮುಂದೆ ತಂದು ನಿಲ್ಲಿಸಿ, ಈ ಕೊಡುಕೊಳ್ಳುವಿಕೆಯ ಬೆಲೆ ತೆರುವವರು ಯಾರೆಂದು ತೋರಿಸಿದರು. ‘ಸ್ಟಾರ್ ಟ್ರೆಕ್’ ಚಿತ್ರಗಳು ಮಾಡದೆ ಬಿಟ್ಟದ್ದು ಇದನ್ನೇ. ಡೆಕರ್, ಇಲಿಯಾ, ಡೇವಿಡ್, ಸಾವಿಕ್ ಇವರ ಪರವಾಗಿ ಅಲ್ಲಿ ಕೇಳುವವರಿಲ್ಲ.

ಇಂಥ ಸರಣಿ 1987ರಲ್ಲಿ ಒಂದು ಧೈರ್ಯದ ಕೆಲಸ ಮಾಡಿತು. ಕಿರುತೆರೆಯಲ್ಲಿ ‘ದ ನೆಕ್ಸ್ಟ್ ಜನರೇಶನ್’ ಎಂಬ ಹೊಸ ಸರಣಿಯನ್ನು ರಾಡನ್‌ಬೆರಿ ಆರಂಭಿಸಿದರು. ಹಳೆಯ ಕಥೆಯಿಂದ ಸುಮಾರು ಮುಕ್ಕಾಲು ಶತಮಾನ ಮುಂದಿನ ಕಾಲ. ನೌಕೆಯ ಹೆಸರು ಅದೇ, ಹಡಗು ಬೇರೆ, ಜನ ಪೂರ್ತಿ ಬೇರೆ. ಕ್ಯಾಪ್ಟನ್ ಪಿಕಾರ್ಡ್ ಆಗಿ ಬಂದ ಪ್ಯಾಟ್ರಿಕ್ ಸ್ಟೂವರ್ಟ್ ಷೇಕ್ಸ್‌ಪಿಯರ್ ರಂಗಭೂಮಿಯಲ್ಲಿ ಪಳಗಿದ ಬ್ರಿಟಿಷ್ ನಟ. ಮುಷ್ಟಿಗಿಂತ ಮಾತನ್ನು ನಂಬುವ, ಸಹೋದ್ಯೋಗಿಗಳನ್ನು ಮೇಜಿನ ಸುತ್ತ ಕೂರಿಸಿಕೊಂಡು ನಿರ್ಧಾರ ಮಾಡುವ ನಾಯಕ. ಹಳೆಯ ಸರಣಿಯಲ್ಲಿ ಬದ್ಧವೈರಿಗಳಾಗಿದ್ದ ಕ್ಲಿಂಗಾನರ ಪೈಕಿ ವೋರ್ಫ್ ಎಂಬವನು ಈ ನೌಕೆಯಲ್ಲೇ ಅಧಿಕಾರಿ. ಹಳಬರಲ್ಲಿ ಮೊದಲ ಕಂತಿಗೆ ಬಂದವರು ಒಬ್ಬರೇ. ಹಣ್ಣುಹಣ್ಣು ಮುದುಕನ ವೇಷದಲ್ಲಿ ಡಿಫಾರೆಸ್ಟ್ ಕೆಲಿ ಕೆಲವು ನಿಮಿಷ ಕಾಣಿಸಿಕೊಂಡು, ನೌಕೆಗೆ ಒಳಿತು ಹಾರೈಸಿ, ಹೊರಟುಹೋದರು. ಅವರ ಪಾತ್ರದ ಹೆಸರನ್ನು ಕೂಡ ಆ ದೃಶ್ಯದಲ್ಲಿ ಯಾರೂ ಹೇಳುವುದಿಲ್ಲ. ಹರಸಿ ಹೊರಟುಹೋಗುವುದು ಎಂದರೆ ಇದು.

ಆರಂಭ ಸುಗಮವಾಗಿರಲಿಲ್ಲ. ಮೊದಲ ಎರಡು ವರ್ಷದ ಕಂತುಗಳಲ್ಲಿ ಹಲವು ಪೇಲವ. ಎಲ್ಲಿ ಎಡವಿತು ಎಂಬುದನ್ನು ಗಮನಿಸಬೇಕು. ಆರಂಭದಲ್ಲೇ ಬಂದ ‘ದ ನೇಕೆಡ್ ನೌ’ ಎಂಬ ಕಂತು 1966ರ ‘ದ ನೇಕೆಡ್ ಟೈಮ್’ ಕಂತಿನ ಮರುಬಳಕೆ. ಹಳಬರ ಅಂಗಿಯನ್ನು ಹೊಸಬರಿಗೆ ತೊಡಿಸಿದಂತೆ ಅಲ್ಲಿ ಯಾವುದೂ ಮೈಗೆ ಕೂಡಲಿಲ್ಲ. 1989ರಲ್ಲಿ ಮೈಕೆಲ್ ಪಿಲ್ಲರ್ ಬರಹಗಾರರ ತಂಡದ ಹೊಣೆ ಹೊತ್ತ ಮೇಲೆ ಕಥೆಗಳು ಈ ತಂಡದ ಮನುಷ್ಯರ ಒಳಗಿನಿಂದ ಹುಟ್ಟತೊಡಗಿದವು, ಸರಣಿ ಎದ್ದು ನಿಂತಿತು. 1990ರ ‘ದ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’ನಲ್ಲಿ ಬೋರ್ಗ್ ಎಂಬ ಯಾಂತ್ರಿಕ ಜನಾಂಗ ಪಿಕಾರ್ಡ್‌ನನ್ನು ಸೆರೆಹಿಡಿದು, ತನ್ನ ಭಾಗವನ್ನಾಗಿ ಮಾಡಿಕೊಂಡು, ಅವನ ಜನರ ಮೇಲೆಯೇ ಅವನನ್ನು ಛೂ ಬಿಡುತ್ತದೆ. ಆ ಕಂತು ಬಂದ ಮೇಲೆ ಕರ್ಕ್ ಎಲ್ಲಿ ಎಂದು ಕೇಳುವವರು ಕಡಿಮೆಯಾದರು. ಹಳೆಯ ಸರಣಿ 79 ಕಂತುಗಳಿಗೆ ನಿಂತಿದ್ದರೆ ಇದು ಏಳು ವರ್ಷ ನಡೆದು 178 ಕಂತುಗಳನ್ನು ಮುಟ್ಟಿತು. ಹೊಸ ತಂಡ ಗೆದ್ದದ್ದು ಹಳೆಯ ತಂಡದ ಕೈಯಿಂದ ಪದಕ ತೊಡಿಸಿಕೊಂಡಲ್ಲ. ಕೆಲಸ ಮಾಡಿ, ತಪ್ಪು ಮಾಡಿ, ತಿದ್ದಿಕೊಳ್ಳಲು ಸಮಯ ಸಿಕ್ಕಿದ್ದರಿಂದ.

ಹಳೆಯ ತಂಡವೂ ಒಮ್ಮೆ ದೊಡ್ಡತನ ತೋರಿತು. 1991ರ ಡಿಸೆಂಬರಿನಲ್ಲಿ ಬಂದ ಆರನೆಯ ಚಿತ್ರ, ನಿಕೊಲಸ್ ಮೇಯರ್ ನಿರ್ದೇಶನದ ‘ದ ಅನ್‌ಡಿಸ್ಕವರ್ಡ್ ಕಂಟ್ರಿ’. ಕೆಲವೇ ವಾರಗಳ ಹಿಂದೆ ರಾಡನ್‌ಬೆರಿ ತೀರಿಕೊಂಡಿದ್ದರು. ಬರ್ಲಿನ್ ಗೋಡೆ ಬಿದ್ದು ಎರಡು ವರ್ಷವಾಗಿತ್ತು, ಸೋವಿಯತ್ ಒಕ್ಕೂಟ ಕುಸಿಯುತ್ತಿತ್ತು. ಚಿತ್ರದಲ್ಲಿ ಕ್ಲಿಂಗಾನರ ಸಾಮ್ರಾಜ್ಯ ಚೆರ್ನೋಬಿಲ್ ನೆನಪಿಸುವ ಸ್ಫೋಟವೊಂದರಿಂದ ತತ್ತರಿಸಿ ಸಂಧಾನಕ್ಕೆ ಬರುತ್ತದೆ. ಡೇವಿಡ್‌ನನ್ನು ಕೊಂದವರು ಕ್ಲಿಂಗಾನರೇ. ಮಗನ ರಕ್ತವನ್ನು ಮರೆಯಲಾರದ ಕರ್ಕ್, ತನ್ನ ದ್ವೇಷವನ್ನು ತಾನೇ ಕಂಡು, ಅದನ್ನು ನುಂಗಿ, ಶಾಂತಿಯನ್ನು ಕಾಯುತ್ತಾನೆ. ಅವನ ಪರವಾಗಿ ವಾದಿಸುವ ಕ್ಲಿಂಗಾನ್ ವಕೀಲ ನಮ್ಮ ವೋರ್ಫ್‌ನ ಅಜ್ಜ. ಇಬ್ಬರ ಪಾತ್ರವನ್ನೂ ಮಾಡಿದವರು ಮೈಕೆಲ್ ಡಾರ್ನ್. ಚಿತ್ರದ ತಿರುಳು ಇಲ್ಲಿದೆ. ಪಿಕಾರ್ಡ್‌ನ ನೌಕೆಯಲ್ಲಿ ಕ್ಲಿಂಗಾನ್ ಒಬ್ಬ ಅಧಿಕಾರಿಯಾಗಿ ನಿಲ್ಲಬೇಕಾದರೆ ಕರ್ಕ್ ತನ್ನ ಹಗೆಯನ್ನು ಬಿಟ್ಟಿರಬೇಕು. ಮುಂದೆ ಬರುವವರು ಬಾಳಲಿರುವ ಲೋಕವನ್ನು ಹಿರಿಯರು ತಮ್ಮ ಸಂಕಟವನ್ನು ತೆತ್ತು ಕಟ್ಟಿಕೊಟ್ಟರು, ಆ ಬರುವವರ ಮುಖವನ್ನೂ ನೋಡದೆ.

ಈ ಚಿತ್ರವೂ ಕಳಂಕವಿಲ್ಲದ್ದಲ್ಲ. ತನ್ನ ಸ್ಥಾನಕ್ಕೆ ತಕ್ಕವಳೆಂದು ಸ್ಪಾಕ್ ಬೆಳೆಸಿದ ವಲೇರಿಸ್ ಎಂಬ ತರುಣಿ ಇಲ್ಲಿ ದ್ರೋಹಿಯಾಗುತ್ತಾಳೆ. ಯಯಾತಿಯ ಚಾಳಿ ಪೂರ್ತಿ ಹೋಗಿಲ್ಲ. ಆದರೆ ಅವಳ ಜೊತೆ ಸಂಚಿನಲ್ಲಿರುವವರಲ್ಲಿ ನರೆತ ಸೇನಾಧಿಕಾರಿಗಳೂ ಇದ್ದಾರೆ. ಇನ್ನೊಂದೆಡೆ, ಕರ್ಕ್‌ನ ಕೈಕೆಳಗೆ ಚುಕ್ಕಾಣಿ ಹಿಡಿದಿದ್ದ ಸುಲು ಈಗ ಸ್ವತಃ ಒಂದು ನೌಕೆಯ ಕ್ಯಾಪ್ಟನ್, ಹಳೆಯ ಯಜಮಾನನ ನೆರವಿಗೆ ಅವನೇ ಬರುತ್ತಾನೆ. ಕೊನೆಗೆ ಏಳು ನಟರ ಸಹಿಗಳು ಒಂದೊಂದಾಗಿ ತೆರೆಯ ಮೇಲೆ ಮೂಡಿ ಮರೆಯಾಗುತ್ತವೆ. ಪರೀಕ್ಷಿತನಿಗೆ ಪಟ್ಟಕಟ್ಟಿ ಉತ್ತರಕ್ಕೆ ನಡೆದ ಪಾಂಡವರ ಗಾಂಭೀರ್ಯ ಆ ಮುಕ್ತಾಯಕ್ಕಿದೆ. ಅಲ್ಲಿಗೆ ಎಲ್ಲವೂ ಮುಗಿದಿತ್ತು.

ಮುಗಿಯಲು ಬಿಡಲಿಲ್ಲ. 1994ರ ನವೆಂಬರಿನಲ್ಲಿ ‘ಜನರೇಶನ್ಸ್’ ಬಂತು, ಡೇವಿಡ್ ಕಾರ್ಸನ್ ನಿರ್ದೇಶನದಲ್ಲಿ. ಎರಡು ತಲೆಮಾರುಗಳು ಒಂದೇ ತೆರೆಯ ಮೇಲೆ ಎಂಬುದೇ ಅದರ ಡಂಗುರ. ಹೊಸ ತಂಡದ ಮೊದಲ ಚಲನಚಿತ್ರಕ್ಕೆ ಹಳೆಯ ಕ್ಯಾಪ್ಟನ್ ಬಂದು ಆಶೀರ್ವದಿಸದಿದ್ದರೆ ಪ್ರೇಕ್ಷಕ ಒಪ್ಪುವುದಿಲ್ಲವೆಂಬ ಅಂಜಿಕೆ ಅದರ ಹಿಂದಿತ್ತು. ನಿಮೋಯ್ ಅವರಿಗೆ ನಟನೆಯ ಜೊತೆಗೆ ನಿರ್ದೇಶನದ ಕರೆಯೂ ಹೋಗಿತ್ತು. ಸ್ಪಾಕ್‌ಗೆ ಬರೆದ ಮಾತುಗಳನ್ನು ಯಾರ ಬಾಯಲ್ಲಿಟ್ಟರೂ ನಡೆಯುತ್ತದೆ ಎಂದು ಅವರು ಎರಡನ್ನೂ ನಿರಾಕರಿಸಿದರು. ಅವರ ಅನುಮಾನ ಸರಿಯಾಗಿತ್ತು. ಆ ಮಾತುಗಳು ಸ್ಕಾಟಿ, ಚೆಕಾಫ್ ಪಾತ್ರಗಳಿಗೆ ಹಂಚಿಹೋದವು, ವ್ಯತ್ಯಾಸವೇ ಕಾಣಲಿಲ್ಲ.

ಚಿತ್ರ ಮಾಡಿದ್ದೇನು ನೋಡಿ. ಮೊದಲ ದೃಶ್ಯಗಳಲ್ಲಿ ಹೊಸ ಎಂಟರ್‌ಪ್ರೈಸ್‌ನ ಮೊದಲ ಯಾನ, ಕರ್ಕ್ ಅತಿಥಿ. ಕ್ಯಾಪ್ಟನ್ ಹ್ಯಾರಿಮನ್ ಎಂಬವನನ್ನು ಏನೂ ಗೊತ್ತಿಲ್ಲದ ಪೆದ್ದನನ್ನಾಗಿ ಚಿತ್ರಿಸಲಾಗಿದೆ. ನೌಕೆಗೆ ಬೇಕಾದ ಮುಖ್ಯ ಸಲಕರಣೆಗಳೆಲ್ಲ ಮಂಗಳವಾರ ಬರುತ್ತವಂತೆ. ಅವೊಂದೂ ಇಲ್ಲದೆ ಹೊರಟಿದ್ದಾರೆ. ಹಳಬನ ಕೀರ್ತಿ ಬೆಳಗಲೆಂದು ಹೊಸಬನನ್ನು ನಗೆಪಾಟಲು ಮಾಡುವ ಈ ಹಂಚಿಕೆ ನಾಟಕ ಕಂಪನಿಗಳ ಕಾಲದಷ್ಟು ಹಳೆಯದು. ನಡುವೆ ಒಂದು ಒಳ್ಳೆಯ ಕ್ಷಣವಿದೆ. ಅಪಾಯದ ಹೊತ್ತಿನಲ್ಲಿ ಹ್ಯಾರಿಮನ್ ತಾನೇ ಕೆಳಗಿಳಿದು ದುರಸ್ತಿಗೆ ಹೊರಟು ಕುರ್ಚಿಯನ್ನು ಕರ್ಕ್‌ಗೆ ಬಿಡುತ್ತಾನೆ. ಕರ್ಕ್ ಆಸೆಯಿಂದ ಕುರ್ಚಿಗೇರಿ, ಮರುಕ್ಷಣ ಮನಸ್ಸು ಬದಲಿಸಿ, ಕ್ಯಾಪ್ಟನ್‌ನ ಜಾಗ ಕ್ಯಾಪ್ಟನ್‌ನದೇ ಎಂದು ಹ್ಯಾರಿಮನ್‌ನನ್ನು ಅಲ್ಲಿ ನಿಲ್ಲಿಸಿ, ದುರಸ್ತಿಗೆ ತಾನು ಇಳಿದುಹೋಗುತ್ತಾನೆ. ಅಲ್ಲೇ ಅವನು ಕಾಣೆಯಾಗುವುದು. ಚಿತ್ರ ಅವನನ್ನು ಅಲ್ಲಿಗೆ ಬಿಟ್ಟಿದ್ದರೆ ಹಸ್ತಾಂತರ ಐದು ನಿಮಿಷದಲ್ಲಿ, ಘನತೆಯಿಂದ ಮುಗಿಯುತ್ತಿತ್ತು.

ಆದರೆ ಚಿತ್ರಕ್ಕೆ ಭೇಟಿ ಬೇಕಿತ್ತು. ಎಪ್ಪತ್ತೆಂಟು ವರ್ಷದ ನಂತರ, ಬಯಸಿದ್ದೆಲ್ಲ ಸಿಗುವ ‘ನೆಕ್ಸಸ್’ ಎಂಬ ಮಾಯಾವಲಯದಲ್ಲಿ ಪಿಕಾರ್ಡ್ ಕರ್ಕ್‌ನನ್ನು ಕಾಣುತ್ತಾನೆ. ಕರ್ಕ್ ಸೌದೆ ಒಡೆಯುತ್ತಾನೆ, ಮೊಟ್ಟೆ ಬೇಯಿಸುತ್ತಾನೆ, ಕುದುರೆ ಏರುತ್ತಾನೆ. ಏಳು ವರ್ಷ ಒಂದು ಸರಣಿಯನ್ನೇ ಹೊತ್ತ ಪಿಕಾರ್ಡ್ ಅವನ ಹಿಂದೆ ತಿರುಗುತ್ತ ಸಹಾಯ ಬೇಡುತ್ತಾನೆ. ನೆಕ್ಸಸ್‌ನಿಂದ ಯಾವ ಕಾಲಕ್ಕೆ ಬೇಕಾದರೂ ಹೊರಬರಬಹುದೆಂದು ಚಿತ್ರವೇ ಹೇಳಿದೆ. ಆದರೂ ಪಿಕಾರ್ಡ್ ತಾನು ಸೋತ ಗಳಿಗೆಯ ಸ್ವಲ್ಪವೇ ಮೊದಲಿಗೆ, ಒಬ್ಬ ಮುದುಕನನ್ನು ಕರೆದುಕೊಂಡು ಬರುತ್ತಾನೆ. ಯಾಕೆ? ಕೊನೆಯ ಹೊಡೆದಾಟದಲ್ಲಿ ಕರ್ಕ್ ಸಾಯಬೇಕಲ್ಲ! ಮೊದಲು ಚಿತ್ರೀಕರಿಸಿದ್ದ ಅಂತ್ಯದಲ್ಲಿ ಖಳ ಸೋರನ್ ಅವನ ಬೆನ್ನಿಗೆ ಗುಂಡು ಹೊಡೆಯುತ್ತಿದ್ದ. ಪರೀಕ್ಷಾ ಪ್ರದರ್ಶನದಲ್ಲಿ ಪ್ರೇಕ್ಷಕರು ಒಪ್ಪದ್ದರಿಂದ ಮತ್ತೆ ಚಿತ್ರೀಕರಿಸಿ, ಮುರಿದ ಲೋಹದ ಸೇತುವೆಯ ಕೆಳಗೆ ಅವನನ್ನು ಬೀಳಿಸಿದರು. ಮೂವತ್ತು ವರ್ಷದ ನಾಯಕನ ಸಾವು ಹೀಗೆ ದುರಸ್ತಿಯಾಯಿತು. ಪಿಕಾರ್ಡ್ ಒಬ್ಬನೇ ನಿಂತು ಅವನ ಮೇಲೆ ಕಲ್ಲು ಪೇರಿಸುತ್ತಾನೆ. ಸ್ಪಾಕ್ ಇಲ್ಲ, ಮೆಕಾಯ್ ಇಲ್ಲ. ಆ ಕಲ್ಲುಗಳ ಕೆಳಗೆ 1991ರ ಆ ಗಂಭೀರ ವಿದಾಯವೂ ಸೇರಿಹೋಯಿತು.

ಬರೆದವರು ಅಸಮರ್ಥರೆಂದು ಇದನ್ನು ತಳ್ಳಿಹಾಕುವಂತಿಲ್ಲ. ರೊನಾಲ್ಡ್ ಮೂರ್ ಹಾಗೂ ಬ್ರ್ಯಾನನ್ ಬ್ರಾಗಾ ಈ ಚಿತ್ರಕಥೆ ಬರೆಯುತ್ತಿದ್ದ ಕಾಲದಲ್ಲೇ ಕಿರುತೆರೆ ಸರಣಿಯ ಕೊನೆಯ ಕಂತು ‘ಆಲ್ ಗುಡ್ ಥಿಂಗ್ಸ್’ ಕೂಡ ಬರೆದರು. ಅದಕ್ಕೆ 1995ರ ಹ್ಯೂಗೊ ಪ್ರಶಸ್ತಿ ಬಂತು. ಏಳು ವರ್ಷ ತನ್ನ ಅಧಿಕಾರಿಗಳ ಇಸ್ಪೀಟಾಟದಿಂದ ದೂರ ಉಳಿದಿದ್ದ ಪಿಕಾರ್ಡ್ ಕೊನೆಗೊಮ್ಮೆ ಬಂದು ಅವರ ಮೇಜಿನಲ್ಲಿ ಕೂರುತ್ತಾನೆ, ಅಷ್ಟೇ. ಕಣ್ಣು ತೇವಗೊಳಿಸಲು ಅಷ್ಟು ಸಾಕಾಯಿತು. ಅದೇ ಲೇಖನಿಗಳು, ಅದೇ ಪಾತ್ರಗಳು. ಒಂದರಲ್ಲಿ ಹೊಸಬರು ತಮ್ಮ ಕಥೆಯನ್ನು ತಾವು ಮುಗಿಸಿಕೊಂಡರು, ಇನ್ನೊಂದರಲ್ಲಿ ಬೇರೆಯವರ ಕಥೆಗೆ ಶ್ರಾದ್ಧ ಮಾಡಲು ನಿಂತರು. ದೋಷವಿದ್ದದ್ದು ಕೈಯಲ್ಲಲ್ಲ, ಒಪ್ಪಿಸಿದ ಕೆಲಸದಲ್ಲಿ.

ಸೇತುವೆಯಿಲ್ಲದೆ ವ್ಯಾಪಾರ ನಡೆಯುತ್ತಿರಲಿಲ್ಲ ಎನ್ನುವವರಿದ್ದಾರೆ. ಲೆಕ್ಕವನ್ನೇ ನೋಡೋಣ. ಕರ್ಕ್ ಇದ್ದ ‘ಜನರೇಶನ್ಸ್’ ಅಮೆರಿಕದ ಚಿತ್ರಮಂದಿರಗಳಲ್ಲಿ ಸುಮಾರು 7.5 ಕೋಟಿ ಡಾಲರ್ ಗಳಿಸಿತು. ಎರಡು ವರ್ಷದ ನಂತರ, ಹಳೆಯ ತಂಡದ ಒಬ್ಬರೂ ಇಲ್ಲದ ‘ಫಸ್ಟ್ ಕಾಂಟ್ಯಾಕ್ಟ್’ ಸುಮಾರು 9.2 ಕೋಟಿ ಗಳಿಸಿತು. ಅದರ ಕಥೆ ಬೋರ್ಗ್‌ಗಳ ಮೇಲೆ ಪಿಕಾರ್ಡ್‌ಗಿದ್ದ ಸ್ವಂತ ಗಾಯದ್ದು. ಪ್ರೇಕ್ಷಕನಿಗೆ ಸೇತುವೆ ಬೇಕಿರಲಿಲ್ಲ. ಬೇಕಿದ್ದದ್ದು ಅಂಜುಕುಳಿ ನಿರ್ಮಾಪಕರಿಗೆ.

ತಲೆಮಾರುಗಳು ಭೇಟಿಯಾಗಲೇಬಾರದೆಂದು ನಾನು ಹೇಳುತ್ತಿಲ್ಲ. ಭೇಟಿ ಹೇಗಿರಬೇಕೆಂಬುದಕ್ಕೆ ಇದೇ ಸರಣಿಯಲ್ಲಿ ಮಾದರಿಯಿದೆ. 1993ರ ಜನವರಿಯಲ್ಲಿ ‘ಡೀಪ್ ಸ್ಪೇಸ್ ನೈನ್’ ಎಂಬ ಮತ್ತೊಂದು ಕಿರುತೆರೆ ಸರಣಿ ತೊಡಗಿತು, ನಾಯಕ ಸಿಸ್ಕೊ. ಮೊದಲ ಕಂತಿನಲ್ಲಿ ಪಿಕಾರ್ಡ್ ಬಂದು ಅವನಿಗೆ ಹೊಣೆ ಒಪ್ಪಿಸುತ್ತಾನೆ. ಆದರೆ ಬೋರ್ಗ್‌ಗಳ ವಶದಲ್ಲಿದ್ದಾಗ ಪಿಕಾರ್ಡ್ ಮುಂದೆ ನಿಂತು ನಡೆಸಿದ ದಾಳಿಯಲ್ಲೇ ಸಿಸ್ಕೊನ ಹೆಂಡತಿ ಸತ್ತಿದ್ದಾಳೆ. ನಾವು ಮೂರು ವರ್ಷ ಮರುಗಿದ ನಾಯಕನ ದುರಂತ ಈ ಹೊಸಬನ ಕಣ್ಣಲ್ಲಿ ಕೊಲೆ. ಸಿಸ್ಕೊ ಕೈಮುಗಿಯುವುದಿಲ್ಲ; ನಾವು ಹಿಂದೊಮ್ಮೆ ಭೇಟಿಯಾಗಿದ್ದೇವೆ, ರಣರಂಗದಲ್ಲಿ ಎಂಬ ಅರ್ಥದ ಮಾತನ್ನು ಮುಖಕ್ಕೆ ಹೇಳುತ್ತಾನೆ. ಹಿರಿಯನಿಂದ ಪ್ರಮಾಣಪತ್ರ ಬೇಡದೆ ಲೆಕ್ಕ ಕೇಳುವ ಈ ಕಿರಿಯನಿಗೆ ಆ ಕ್ಷಣದಲ್ಲೇ ಸ್ವಂತ ಕಥೆಯೊಂದು ಸಿಕ್ಕಿತು.

2002ರ ‘ನೆಮೆಸಿಸ್’ ನೆಲಕಚ್ಚಿದ ಮೇಲೆ ಸರಣಿ ಮಲಗಿತು. 2009ರಲ್ಲಿ ಜೆ. ಜೆ. ಏಬ್ರಮ್ಸ್ ಅದನ್ನು ಎಬ್ಬಿಸಿದ ಬಗೆ ನಮಗೆಲ್ಲ ಗೊತ್ತು. ಹೊಸ ತಂಡವಲ್ಲ, ಹಳೆಯ ತಂಡದ್ದೇ ಹೆಸರುಗಳು, ಹೊಸ ಮುಖಗಳು. ಕ್ರಿಸ್ ಪೈನ್ ಕರ್ಕ್, ಝಕರಿ ಕ್ವಿಂಟೊ ಸ್ಪಾಕ್. ಚಿತ್ರ ಲವಲವಿಕೆಯದು, ಗಳಿಕೆ ದೊಡ್ಡದು, ಸರಣಿಗೆ ಮೊದಲ ಆಸ್ಕರ್ ಕೂಡ ಅದರ ಪ್ರಸಾಧನಕ್ಕೇ ಬಂತು. ಇದು ನಮ್ಮ ಯಕ್ಷಗಾನದಂತೆಯೇ ಅಲ್ಲವೇ, ಕರ್ಣನ ಪಾತ್ರ ಒಬ್ಬರ ಸ್ವತ್ತೇ ಎಂದು ಯಾರಾದರೂ ಕೇಳಬಹುದು. ಮುಂಬಯಿಯ ಸಭಾಂಗಣಗಳಲ್ಲಿ ತಾಳಮದ್ದಲೆ ಕೇಳಿದವರಿಗೆ ಉತ್ತರ ಗೊತ್ತಿದೆ. ಅರ್ಥಧಾರಿ ಬದಲಾದರೆ ಕರ್ಣನೇ ಬದಲಾಗುತ್ತಾನೆ. ಪದ್ಯ ಅದೇ, ಮಾತು ಅವರವರದು. ನಿನ್ನೆಯವರ ಅರ್ಥವನ್ನು ಇಂದು ಒಪ್ಪಿಸಿದವರನ್ನು ಸಭೆ ಮನ್ನಿಸುವುದಿಲ್ಲ. ಇಲ್ಲಿ ಆದದ್ದು ಅದರ ತಿರುಗುಮುರುಗು. ಮುದಿ ಸ್ಪಾಕ್ ಆಗಿ ನಿಮೋಯ್ ಅವರೇ ಭವಿಷ್ಯದಿಂದ ಬಂದು ನೀವೇ ನಾವು ಎಂದು ಮುದ್ರೆಯೊತ್ತಬೇಕಾಯಿತು. 2013ರ ‘ಇನ್‌ಟು ಡಾರ್ಕ್‌ನೆಸ್’ನಲ್ಲಿ ವೈರಿಯನ್ನು ಸೋಲಿಸುವುದು ಹೇಗೆಂದು ತೋಚದ ಹೊಸ ಸ್ಪಾಕ್ ಹಳೆಯ ಸ್ಪಾಕ್‌ಗೆ ಕರೆ ಮಾಡಿ ಕೇಳುತ್ತಾನೆ. 1982ರಲ್ಲಿ ಗಾಜಿನ ಆಚೆ ಸ್ಪಾಕ್ ಸತ್ತ ದೃಶ್ಯವನ್ನು ಇಲ್ಲಿ ಕರ್ಕ್‌ನನ್ನು ಆಚೆಗಿಟ್ಟು ಮತ್ತೆ ಮಾಡುತ್ತಾರೆ. ಆ ಸಾವು ಕೆಲವು ನಿಮಿಷಗಳಲ್ಲೇ ವಾಸಿಯಾಗುತ್ತದೆ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಕೂಡ ಯಜಮಾನನನ್ನು ಕೇಳುವವರಂತೆ ಈ ತಂಡ ಆ ಹೆಸರುಗಳಲ್ಲಿ ವಾಸಮಾಡಿತು.

ಒಂದು ಸಣ್ಣ ಸಂಗತಿ ನಮಗೆ ಹತ್ತಿರದ್ದು. ಆ ವೈರಿಯ ಹೆಸರು ಖಾನ್ ನೂನಿಯನ್ ಸಿಂಗ್. 1967ರ ಮೂಲ ಕಂತಿನಲ್ಲೇ ಅವನು ಉತ್ತರ ಭಾರತದವನು, ಪ್ರಾಯಶಃ ಸಿಖ್ ಎಂಬ ಮಾತು ಬರುತ್ತದೆ. ಆಗ ಪಾತ್ರ ಮಾಡಿದವರು ಮೆಕ್ಸಿಕೋ ಮೂಲದ ರಿಕಾರ್ಡೊ ಮೊಂಟಾಲ್ಬಾನ್. ನಾಲ್ಕು ದಶಕದ ನಂತರ ಎಲ್ಲವನ್ನೂ ಹೊಸದಾಗಿ ಹಂಚುವ ಅವಕಾಶ ಬಂದಾಗ ಪಾತ್ರ ಹೋದದ್ದು ಬ್ರಿಟಿಷ್ ನಟ ಬೆನಡಿಕ್ಟ್ ಕಂಬರ್‌ಬ್ಯಾಚ್‌ಗೆ. ಹಳಬರ ಮಾತು, ಹಳಬರ ಸಾವು, ಹಳಬರ ಕೂಗು ಎಲ್ಲವನ್ನೂ ಜತನದಿಂದ ಎತ್ತಿಟ್ಟುಕೊಂಡವರು, ಹಳಬರು ಬಿಟ್ಟುಹೋದ ಈ ಒಂದು ಬಾಕಿಯನ್ನು ಮಾತ್ರ ತೀರಿಸಲಿಲ್ಲ. ಉತ್ತರಾಧಿಕಾರವೆಂದರೆ ಹಿರಿಯರ ಆಸ್ತಿಯಷ್ಟೇ ಅಲ್ಲ, ಅವರ ಸಾಲವೂ ಹೌದು. 2016ರ ‘ಬಿಯಾಂಡ್’ ನಂತರ ಈ ತಂಡದ ಚಿತ್ರ ಚಿತ್ರಮಂದಿರಕ್ಕೆ ಬಂದಿಲ್ಲ.

ಕೊನೆಯ ಸಾಕ್ಷ್ಯ 2023ರದು. ‘ಪಿಕಾರ್ಡ್’ ಎಂಬ ಸರಣಿಯ ಮೂರನೆಯ ಭಾಗಕ್ಕಾಗಿ ‘ನೆಕ್ಸ್ಟ್ ಜನರೇಶನ್’ ತಂಡ ಇಡಿಯಾಗಿ ಮರಳಿ ಸೇರಿತು. ಅಭಿಮಾನಿಗಳು ಹಿಗ್ಗಿದರು. ಕಥೆಯ ಹೂರಣವೇನು? ಬೋರ್ಗ್‌ಗಳ ಸಂಚಿನಿಂದ ಇಪ್ಪತ್ತೈದರೊಳಗಿನ ಎಲ್ಲ ಅಧಿಕಾರಿಗಳೂ ಒಮ್ಮೆಗೇ ಬುದ್ಧಿ ಕಳೆದುಕೊಂಡು ಶತ್ರುಗಳಾಗುತ್ತಾರೆ, ಅವರಲ್ಲಿ ಹಳಬರ ಮಕ್ಕಳೂ ಇದ್ದಾರೆ. ನಡುವಯಸ್ಸಿನ ಕ್ಯಾಪ್ಟನ್ ಶಾ ಅವರ ಗುಂಡಿಗೆ ಬಲಿಯಾಗುತ್ತಾನೆ. ಲೋಕವನ್ನು ಉಳಿಸಬಲ್ಲವರು ಏಳು ಮಂದಿ ಹಿರಿಯರು. ಅವರಿಗಾಗಿ 1994ರಲ್ಲಿ ನೆಲಕ್ಕಪ್ಪಳಿಸಿದ್ದ ಹಳೆಯ ನೌಕೆಯನ್ನು ಸಂಗ್ರಹಾಲಯದಲ್ಲಿ ಗುಟ್ಟಾಗಿ ಜೋಡಿಸಿ, ನೆಲದ ಜಮಖಾನೆಯ ಸಮೇತ ಅಣಿಮಾಡಲಾಗಿದೆ. ಯಯಾತಿಯ ಕಥೆಯನ್ನು ಇಷ್ಟು ನಿಸ್ಸಂಕೋಚವಾಗಿ ಹೇಳಿದವರು ಅಪರೂಪ. ಕಿರಿಯರ ಯೌವನವೇ ಅವರ ದೋಷ, ಹಿರಿಯರ ಮುಪ್ಪೇ ಜಗದ ರಕ್ಷೆ! ಹಳಬರಿಲ್ಲದೆ ಹುಟ್ಟಿ, ಸ್ವಂತ ಕಾಲ ಮೇಲೆ ನಿಂತ ತಂಡವೇ ತನ್ನ ಸರದಿ ಬಂದಾಗ ಹೀಗೆ ಜಗಲಿಯಲ್ಲಿ ಕುಳಿತುಕೊಂಡಿತಲ್ಲ ಎಂಬುದು ನನಗೆ ಎಲ್ಲಕ್ಕಿಂತ ಬೇಸರದ ಸಂಗತಿ. ಕೊನೆಯ ನಿಮಿಷಗಳಲ್ಲಿ ಹೊಸ ನೌಕೆಯೊಂದನ್ನು ಕಿರಿಯರಿಗೆ ಒಪ್ಪಿಸುತ್ತಾರೆ, ನಿಜ. ಹತ್ತು ಕಂತು ಊಟ ತಾವು ಮಾಡಿ, ಎಲೆ ಎತ್ತುವ ಹೊತ್ತಿಗೆ ಮಕ್ಕಳನ್ನು ಪಂಕ್ತಿಗೆ ಕರೆದಂತೆ.

ಹಾಗಾದರೆ ಮುಪ್ಪಿನ ಕಥೆ ಹೇಳಲೇಬಾರದೇ? ಖಂಡಿತ ಹೇಳಬೇಕು. ‘ರಾಥ್ ಆಫ್ ಖಾನ್’ನಲ್ಲಿ ಹುಟ್ಟುಹಬ್ಬದ ದಿನ ಕರ್ಕ್‌ಗೆ ಮೆಕಾಯ್ ಓದುವ ಕನ್ನಡಕ ಕಾಣಿಕೆ ಕೊಡುತ್ತಾನೆ. ಕಣ್ಣು ಮಂಜಾಗಿರುವುದನ್ನು ಒಪ್ಪಿಕೊಳ್ಳುವ ಆ ಸಂಕಟ ಸರಣಿಯ ಶ್ರೇಷ್ಠ ದೃಶ್ಯಗಳಲ್ಲೊಂದು. ಮುಪ್ಪನ್ನು ಒಪ್ಪಿದಾಗಲೆಲ್ಲ ಈ ಕಥೆಗಳು ಎತ್ತರಕ್ಕೇರಿವೆ, ಅದನ್ನು ರದ್ದುಮಾಡಹೊರಟಾಗಲೆಲ್ಲ ಬಿದ್ದಿವೆ.

ಇದರ ಹೊಣೆಯನ್ನು ನಿರ್ಮಾಪಕರ ತಲೆಗಷ್ಟೇ ಕಟ್ಟಿದರೆ ಅನ್ಯಾಯ. ಕೊಳ್ಳುವವರಿಲ್ಲದೆ ಹಳಹಳಿಕೆಯನ್ನು ಯಾರೂ ಮಾರುವುದಿಲ್ಲ. ಹೊಸಬರ ಮೊದಲ ತಪ್ಪಿಗೇ ಹಳಬರನ್ನು ಕರೆತನ್ನಿ ಎಂದು ಕೂಗುವವರು ಪ್ರೇಕ್ಷಕರೇ. ಕನ್ನಡ ಓದುಗರಿಗೆ ಇಲ್ಲೊಂದು ಪಾಠವಿದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ಭಾರತವನ್ನು ನಿಲ್ಲಿಸಿದ. ಮುಂದೆ ಕೃಷ್ಣದೇವರಾಯನ ಆಸ್ಥಾನದ ತಿಮ್ಮಣ್ಣ ಕವಿ ಉಳಿದ ಪರ್ವಗಳನ್ನು ಬರೆದು ಪೂರ್ತಿಮಾಡಿದ. ಗದುಗಿನ ಕವಿಗೆ ಅವನು ಸಮನೆಂದು ಯಾರೂ ಹೇಳುವುದಿಲ್ಲ, ಅವನನ್ನು ಓದುವವರೂ ಕಡಿಮೆ. ಆದರೆ ಅವನು ದುರ್ಯೋಧನನ ತೊಡೆಯನ್ನು ಇನ್ನೊಮ್ಮೆ ಮುರಿಸಲಿಲ್ಲ. ಹಿರಿಯ ಕವಿ ನಿಲ್ಲಿಸಿದಲ್ಲಿಂದ ಮುಂದಕ್ಕೆ ಹೋದ. ಸೋಲುವುದಾದರೂ ಮುಂದಿನ ಪರ್ವದಲ್ಲಿ ಸೋಲಬೇಕು.

ಮುಂದಿನ ಪರ್ವಕ್ಕೆ ಹೋದವರಿಂದ ಹಿಂದಿನವರು ಕಲಿಯುವುದೂ ಉಂಟು. 1966ರ ಸರಣಿಯ ಪ್ರತಿ ಕಂತಿನ ಆರಂಭದಲ್ಲಿ, ಯಾವ ಗಂಡಸೂ ಹೋಗಿರದ ಕಡೆಗೆ ಈ ನೌಕೆ ಹೋಗುತ್ತದೆ ಎಂಬರ್ಥದ ಘೋಷಣೆಯಿತ್ತು. 1987ರ ಹೊಸ ತಂಡ ಅದನ್ನು ತಿದ್ದಿ, ಯಾರೂ ಹೋಗಿರದ ಕಡೆಗೆ ಎಂದು ಮಾಡಿತು. 1991ರ ಚಿತ್ರದ ಕೊನೆಗೆ ಕರ್ಕ್ ತನ್ನ ಕಡೆಯ ದಿನಚರಿಯನ್ನು ಒಪ್ಪಿಸುತ್ತಾನೆ. ಈ ನೌಕೆಯೂ ಅದರ ಚರಿತ್ರೆಯೂ ಇನ್ನು ಬೇರೊಂದು ತಂಡಕ್ಕೆ ಸೇರಿದ್ದು, ಯಾವ ಗಂಡಸೂ ಹೋಗಿರದ ಕಡೆಗೆ ಅವರು ಹೋಗುತ್ತಾರೆ ಎನ್ನುತ್ತ ಒಂದು ಕ್ಷಣ ತಡೆದು, ತನ್ನ ಮಾತನ್ನು ತಾನೇ ತಿದ್ದಿಕೊಂಡು, ಕಿರಿಯರ ಮಾತನ್ನೇ ಹೇಳುತ್ತಾನೆ. ಹಸ್ತಾಂತರ ನಡೆದದ್ದು ಆ ಒಂದು ಪದದಲ್ಲಿ. ಅದಕ್ಕೆ ಸೇತುವೆ ಬೇಕಾಗಲಿಲ್ಲ, ಸಮಾಧಿಯೂ ಬೇಕಾಗಲಿಲ್ಲ.